ದೇವರು ಹಿಂದೆ, ಅಕ್ಕಿ ಮುಂದೆ

ಯೂನಿಯನ್ ಸಿಟಿ

ನಮ್ಮ ದೇಶದಲ್ಲಿ ಡ್ರೈವರು ಬಲಗಡೆ ಕೂರುತ್ತಾನೆ. ಅಮೆರಿಕದಲ್ಲಿ ಬಲಗಡೆ ಕೂರುವವನು ಪ್ಯಾಸೆಂಜರು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ನನ್ನನ್ನು ಅಲ್ಲಿ ದಿನಾ ನನ್ನದೇ ಜಾಗದಲ್ಲಿ ಕೂರಿಸುತ್ತಿದ್ದರು, ಎದುರಿಗೆ ಸ್ಟಿಯರಿಂಗು ಮಾತ್ರ ಇರುತ್ತಿರಲಿಲ್ಲ. ಮೊದಲ ವಾರವೆಲ್ಲ ಸಿಗ್ನಲ್ಲು ಬಂದಾಗ ನನ್ನ ಬಲಗಾಲು ಗಾಡಿಯ ನೆಲವನ್ನು ಒತ್ತುತ್ತಲೇ ಇತ್ತು. ತಂಗಿ ಗಿರಿಜಾ ನೋಡಿಯೂ ನೋಡದಂತೆ ಇರುತ್ತಿದ್ದಳು. ಅವಳ ಮಗಳು ಅನು, ಹನ್ನೆರಡರ ಹುಡುಗಿ, ಹಿಂದಿನ ಸೀಟಿನಲ್ಲಿ ಕೂತು ಕಿಸಕ್ಕೆಂದು ನಗುತ್ತಿದ್ದಳು.

ನಾನು ಊರು ನೋಡಲು ಹೋದವನಲ್ಲ, ಗಿರಿಜಾಳನ್ನು ಕರೆತರಲು ಹೋದವನು. ಅವಳ ಗಂಡ ರಮೇಶ ಹಿಂದಿನ ವರ್ಷ ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದ ಹಾಗೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಆರು ತಿಂಗಳಲ್ಲಿ ಅವನ ಕಂಪನಿಯೂ ಬಾಗಿಲು ಹಾಕಿತು. ಆಗ ಅಲ್ಲಿ ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೆ ಒಂದು ಮುಚ್ಚುತ್ತಿದ್ದವು, ಹಾಗಾಗಿ ಯಾರೂ ಅದನ್ನು ದೊಡ್ಡ ಸುದ್ದಿ ಎಂದುಕೊಳ್ಳಲಿಲ್ಲ. ಗಿರಿಜಾ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸಂಬಳಕ್ಕೇನೂ ತೊಂದರೆ ಇರಲಿಲ್ಲ. ಆದರೆ ಮಂಡ್ಯದಲ್ಲಿ ನನ್ನ ಮನೆಯಲ್ಲಿದ್ದುಕೊಂಡು, ಮೊಮ್ಮಕ್ಕಳ ಗಲಾಟೆಯ ನಡುವೆ ಇಡೀ ಸಂಸಾರವನ್ನು ಆಳುವ ನಮ್ಮವ್ವ ಕೇಳಬೇಕಲ್ಲ. "ಒಂಟಿ ಹೆಂಗ್ಸು ಆ ದೇಸದಲ್ಲಿ ಏನ್ ಮಾಡಾಳು. ನೀನು ಬರಿಗೈಲಿ ಬರಬ್ಯಾಡ ಕನಪ್ಪ, ಕರ್ಕೊಂಡೇ ಬಾ," ಅಂದು ನನ್ನನ್ನು ವಿಮಾನ ಹತ್ತಿಸಿದ್ದಳು.

ನಾನು ಮಾತು ತೆಗೆದ ದಿನ ಗಿರಿಜಾ ಅಳಲಿಲ್ಲ, ಜಗಳವಾಡಲೂ ಇಲ್ಲ. ಕಾಫಿ ಲೋಟ ಮುಂದಿಟ್ಟು, "ಟ್ರೇಲರ್ ತಗೊಂಡು ನಾಲ್ಕು ದಿನ ಕ್ಯಾಂಪಿಂಗ್ ಹೋಗ್ತಿದೀನಿ ಅಣ್ಣ. ಜೊತೇಲಿ ಬಾ. ವಾಪಸ್ ಬರೋ ದಿನ ಹೇಳ್ತೀನಿ," ಅಂದಳು.

ಟ್ರೇಲರ್ ಅಂದರೆ ನಮ್ಮ ಕಡೆಯ ಕಬ್ಬಿನ ಟ್ರೇಲರ್ ಅಲ್ಲ. ಅದು ಗಾಲಿಯ ಮೇಲಿನ ಒಂದು ಪುಟ್ಟ ಮನೆ. ಮುಂಭಾಗದಲ್ಲಿ ಮಂಚ, ಹಿಂಭಾಗದಲ್ಲಿ ಒಲೆ, ಸಿಂಕು, ಕಪಾಟು, ಮಧ್ಯೆ ನಿಂತರೆ ತಿರುಗಲಾಗದಷ್ಟು ಇಕ್ಕಟ್ಟಾದ ಬಚ್ಚಲು. ಇದಕ್ಕೆ ಎಂಜಿನ್ನಿಲ್ಲ, ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯಬೇಕು. ರಮೇಶ ಎರಡನ್ನೂ ಒಳ್ಳೆಯ ದಿನಗಳಲ್ಲಿ ಕೊಂಡಿದ್ದ, ಮೂರೇ ಮೂರು ಸಲ ಎಳೆದುಕೊಂಡು ಹೋಗಿದ್ದ. ಟ್ರಕ್ಕಿಗಿಂತ ಉದ್ದವಾದ ಆ ಟ್ರೇಲರನ್ನು ಕಂಡು ಮೂಗಿಗಿಂತ ಮೂಗುತಿ ಭಾರ ಅಂದುಕೊಂಡೆ. ಇದನ್ನು ನನ್ನ ತಂಗಿ ಎಳೆಯುತ್ತಾಳೆಂದರೆ ನನಗೆ ನಂಬಿಕೆಯೇ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಖುಷಿಯೂ ಆಯಿತು. ಎರಡು ದಿನ ಒದ್ದಾಡಲಿ, ಸುಸ್ತಾಗಲಿ, ತಾನೇ ಊರಿಗೆ ಬರುತ್ತೇನೆ ಅನ್ನುತ್ತಾಳೆ ಎಂಬ ಲೆಕ್ಕ ನನ್ನದು.

ಹೊರಡುವ ಹಿಂದಿನ ದಿನ ಅವಳು ಲ್ಯಾಬಿಗೆ ಹೋಗಿದ್ದಾಗ ಸಾಮಾನು ತುಂಬುವ ಕೆಲಸ ನಾನು ವಹಿಸಿಕೊಂಡೆ. ಬಸ್ಸಿನಲ್ಲಿ ನಮಗೊಂದು ಪದ್ಧತಿ ಇದೆ. ಗಾಡಿಯ ಮುಂಭಾಗ ದೇವರದು. ಅಲ್ಲಿ ಫೋಟೋ, ಹೂವು, ಊದುಬತ್ತಿ. ಮೂಟೆ, ಬುಟ್ಟಿ, ಕೋಳಿ, ಚಪ್ಪಲಿ ಎಲ್ಲ ಹಿಂದಕ್ಕೆ. ಕಂಡಕ್ಟರು ಮರೆತರೂ ನಾನು ಬಿಡುತ್ತಿರಲಿಲ್ಲ. ಟ್ರೇಲರಿನ ಬಾಗಿಲು ತೆರೆದರೆ ಮುಂದಿನ ಮಂಚದ ಕೆಳಗೆ ಕಬ್ಬಿಣದ ಟೂಲ್ ಬಾಕ್ಸು, ಒಂದು ದೊಡ್ಡ ಬ್ಯಾಟರಿ, ಹಗ್ಗ, ಸರಪಳಿ. ದೇವರಿಡಬೇಕಾದ ಕಡೆ ಗ್ಯಾರೇಜು ಮಾಡಿದ್ದಾರಲ್ಲ ಎಂದು ಸಿಟ್ಟು ಬಂತು. ಏದುಸಿರು ಬಿಡುತ್ತ ಎಲ್ಲವನ್ನೂ ಹಿಂದಕ್ಕೆ ಸಾಗಿಸಿದೆ.

"ಅಪ್ಪ ಪುಟ್ ದಟ್ ಇನ್ ಫ್ರಂಟ್, ಮಾಮ," ಅಂದಳು ಅನು.

"ನಿಮ್ಮಪ್ಪಂಗೆ ಗೊತ್ತಿರ್ಲಿಲ್ಲ ಬಿಡು ಮಗ," ಅಂದೆ.

ಆಮೇಲೆ ಅಕ್ಕಿ ಮೂಟೆ, ರಾಗಿ ಹಿಟ್ಟು, ಕಲ್ಲಿನ ಗ್ರೈಂಡರು, ಎರಡು ಕುಕ್ಕರು, ಆರು ತೆಂಗಿನಕಾಯಿ, ನಾಲ್ಕು ಕ್ಯಾನು ಮನೆಯ ನೀರು, ಎಲ್ಲ ಹಿಂದಿನ ಕಪಾಟಿನ ಸುತ್ತ ಜೋಡಿಸಿದೆ. ಮುಂದೆ ಮಂಚದ ತಲೆಯ ಕಡೆ ಮಡಿಬಟ್ಟೆ ಹಾಸಿ, ಗಿರಿಜಾಳ ಮನೆಯಿಂದ ತಂದ ಪುಟ್ಟ ಚಾಮುಂಡಿಯ ಫೋಟೋ ಇಟ್ಟು, ಹೂ ಏರಿಸಿ ಕೈಮುಗಿದೆ. ನನ್ನ ಕೆಲಸ ನನಗೇ ಮೆಚ್ಚುಗೆಯಾಯಿತು.

ಮರುದಿನ ಬೆಳಿಗ್ಗೆ ಗಿರಿಜಾ ಟ್ರೇಲರಿನ ಬಾಗಿಲ ಪಕ್ಕದ ಕಪಾಟು ತೆರೆದಳು. ಒಳಮೈಗೆ ಒಂದು ಹಾಳೆ ಅಂಟಿಸಿತ್ತು, ಹೊರಡುವ ಮುಂಚೆ ನೋಡಬೇಕಾದ್ದರ ಪಟ್ಟಿ, ರಮೇಶನ ಕನ್ನಡ ಅಕ್ಷರದಲ್ಲಿ. ಅವಳು ಒಂದೊಂದೇ ಓದಿದಳು, ನಾನು ಕೆಳಗೆ ನಿಂತು ನೋಡಿ ಹೂಂ ಅಂದೆ. ಕೊಂಡಿಯ ಪಿನ್ನು, ಸರಪಳಿ, ಲೈಟು, ಟೈರು, ಗ್ಯಾಸು.

"ಭಾರ ಎಲ್ಲಾ ಸರಿಯಾಗಿದೆಯಾ ಅಣ್ಣ?"

"ನಾನೇ ಇಟ್ಟಿದೀನಲ್ಲ. ನಡಿ ನೀನು."

ಅವಳು ಒಂದು ಕ್ಷಣ ಒಳಗೆ ಇಣುಕಲು ಹೋಗಿ, ಸುಮ್ಮನಾದಳು. ಅಣ್ಣ ಡ್ರೈವರು, ಅವನ ಮಾತಿನ ಮೇಲೆ ಮತ್ತೆ ನೋಡುವುದೇನು ಎಂದಿರಬೇಕು. ಪಟ್ಟಿಯ ಕೊನೆಯ ಸಾಲಿಗೆ ಬಂದಾಗ ಓದದೆ ಕಪಾಟು ಮುಚ್ಚಿ, "ಆಯ್ತು, ಹತ್ತಿ," ಅಂದಳು.

ಸ್ಯಾನ್ ಮಟೇಯೋ ಸೇತುವೆ

ಕೊಲ್ಲಿಯ ಈ ದಡದಿಂದ ಆ ದಡಕ್ಕೆ ಹೋಗುವ ಆ ಸೇತುವೆ ಮೊದಲು ಬಹುದೂರ ನೀರಿಗೆ ಹತ್ತಿರವಾಗಿಯೇ ಚಪ್ಪಟೆಯಾಗಿ ಸಾಗಿ, ಕೊನೆಗೆ ಹಡಗುಗಳಿಗೆ ದಾರಿ ಬಿಡಲು ಎತ್ತರಕ್ಕೆ ಏರಿ ಇಳಿಯುತ್ತದೆ. ನಮ್ಮ ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಸ್ಸು ನಿಧಾನವಾದರೆ ಜನ ಕಾವೇರಿಗೆ ಕಾಸು ಎಸೆಯುತ್ತಾರೆ. ಇಲ್ಲಿ ಯಾರೂ ನೀರಿನ ಕಡೆ ತಿರುಗಿಯೂ ನೋಡುವುದಿಲ್ಲ, ಎಲ್ಲರೂ ಕಾಫಿ ಕುಡಿಯುತ್ತ ನೇರ ನೋಡಿಕೊಂಡು ಹೋಗುತ್ತಾರೆ. ಪಕ್ಕದ ಕಾರಿನಲ್ಲಿ ಒಬ್ಬ ಸ್ಟಿಯರಿಂಗ್ ಮೇಲೆ ಕಾಗದ ಇಟ್ಟುಕೊಂಡು ಓದುತ್ತಿದ್ದ. ನಮ್ಮ ಡಿಪೋದ ಡ್ರೈವರಾಗಿದ್ದರೆ ಅಂದೇ ಇಳಿಸುತ್ತಿದ್ದರು.

ಅಡ್ಡಗಾಳಿ ಬೀಸುತ್ತಿತ್ತು. ಚಪ್ಪಟೆ ಭಾಗದಲ್ಲೇ ಟ್ರಕ್ಕಿನ ಬೆನ್ನಿಗೆ ಯಾರೋ ಮೆಲ್ಲಗೆ ತಟ್ಟಿದಂತೆ ಎರಡು ಮೂರು ಸಲ ಆಯಿತು. ಗಿರಿಜಾ ಕನ್ನಡಿ ನೋಡಿದಳು. ಏರು ಹತ್ತಿದೆವು, ಸರಿಯಿತ್ತು. ಇಳಿಜಾರಿಗೆ ಬಂದದ್ದೇ ತಡ, ಟ್ರೇಲರಿನ ಹಿಂಭಾಗ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ, ಪ್ರತಿಸಲವೂ ಇನ್ನಷ್ಟು ದೂರ. ಟ್ರಕ್ಕಿನ ಬಾಲ ಅದರ ಜೊತೆಗೇ ಎಳೆದಾಡತೊಡಗಿತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಬಿಳಿ ಮನೆ ಪಕ್ಕದ ಲೇನಿಗೆ ಬಾಗಿ ನಿಂತಿದೆ.

"ಬ್ರೇಕ್ ಹಾಕೇ, ಬ್ರೇಕ್," ಅಂದೆ. ನನ್ನ ಕಾಲು ನೆಲವನ್ನು ಮುರಿಯುವಂತೆ ಒತ್ತುತ್ತಿತ್ತು.

"ಮಾತಾಡ್ಬೇಡ ಅಣ್ಣ," ಅಂದಳು. ದನಿ ಏರಲಿಲ್ಲ.

ಅವಳು ಬ್ರೇಕಿನ ಮೇಲೆ ಕಾಲಿಡಲೇ ಇಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಎಡಗೈಯಲ್ಲಿ ಸ್ಟಿಯರಿಂಗನ್ನು ಅಲುಗದಂತೆ ನೇರ ಹಿಡಿದಳು. ಡ್ಯಾಷ್‌ಬೋರ್ಡಿನ ಕೆಳಗೆ ಅಂಗೈ ಅಗಲದ ಒಂದು ಪುಟ್ಟ ಡಬ್ಬಿ ಇತ್ತು, ಬಲಗೈಯಿಂದ ಅದರ ಹಿಡಿಯನ್ನು ಪಕ್ಕಕ್ಕೆ ತಳ್ಳಿ ಹಿಡಿದಳು. ಹಿಂದಿನಿಂದ ಯಾರೋ ಜಗ್ಗಿದಂತಾಯಿತು. ಟ್ರೇಲರು ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ ಹೋಗಿ, ಬೈಸಿಕೊಂಡ ಮಗುವಿನಂತೆ ಹಿಂದೆ ನೆಟ್ಟಗೆ ಬಂದು ನಿಂತುಕೊಂಡಿತು.

ಹಿಂದಿನ ಸೀಟಿನಲ್ಲಿ ಅನು ಉಸಿರು ಬಿಟ್ಟದ್ದು ಕೇಳಿಸಿತು.

ಫಾಸ್ಟರ್ ಸಿಟಿಯ ಒಂದು ಪಾರ್ಕಿಂಗು

ಸೇತುವೆ ಇಳಿದೊಡನೆ ಸಿಕ್ಕ ಅಂಗಡಿ ಸಾಲಿನ ಪಾರ್ಕಿಂಗಿನ ಮೂಲೆಯಲ್ಲಿ ಗಿರಿಜಾ ಗಾಡಿ ನಿಲ್ಲಿಸಿದಳು.

"ಗಾಳಿ ಜಾಸ್ತಿ ಇತ್ತು," ಅಂದೆ. ಕುಣಿಯಲಾರದವನಿಗೆ ನೆಲ ಡೊಂಕು.

ಅವಳು ಟ್ರೇಲರಿನ ಬಾಗಿಲು ತೆರೆದು ನೋಡಿದಳು. ಮುಂದೆ ಒಬ್ಬಳೇ ಚಾಮುಂಡಿ, ಆರಾಮಾಗಿ. ಹಿಂದೆ ಟೂಲ್ ಬಾಕ್ಸಿನಿಂದ ಹಿಡಿದು ನೀರಿನ ತನಕ ಇಡೀ ಸಂಸಾರ. ಬಹಳ ಹೊತ್ತು ನೋಡಿ, "ಯಾಕಣ್ಣ ಹೀಗಿಟ್ಟೆ?" ಅಂದಳು.

ಬಸ್ಸಿನ ಪದ್ಧತಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಸಣ್ಣದಾಗುತ್ತ ಹೋಯಿತು.

"ಬಸ್ಸು ಒಂದೇ ಮೈ. ಹಿಂದೆ ತುಂಬಿದ್ರೂ ನಡಿಯತ್ತೆ. ಇದು ಕೊಂಡೀಲಿ ತೂಗಾಡೋ ಗಾಡಿ. ಹಿಂದೆ ಭಾರ ಆದ್ರೆ ಮೂಗು ಎತ್ಕೊಳತ್ತೆ, ಬಾಲ ಆಡತ್ತೆ. ಭಾರ ಮುಂದೇನೇ ಇರ್ಬೇಕು."

"ಬ್ರೇಕ್ ಹಾಕಿದ್ರೆ ಏನಾಗ್ತಿತ್ತು?"

"ಟ್ರಕ್ಕು ನಿಲ್ತಿತ್ತು. ಟ್ರೇಲರ್ ನಿಲ್ತಿರ್ಲಿಲ್ಲ. ನಮ್ಮನ್ನ ತಿರುಗಿಸ್ಕೊಂಡು ಮುಂದೆ ಹೋಗ್ತಿತ್ತು. ಅದಕ್ಕೇ ಆ ಡಬ್ಬೀಲಿ ಅದರ ಬ್ರೇಕ್ ಮಾತ್ರ ಹಾಕ್ದೆ."

ಮೂವತ್ತೊಂದು ವರ್ಷದಲ್ಲಿ ನಾನು ಒಂದು ನಾಯಿಯನ್ನೂ ಕೊಂದವನಲ್ಲ. ಅವತ್ತು ಸ್ಟಿಯರಿಂಗು ನನ್ನ ಕೈಯಲ್ಲಿದ್ದಿದ್ದರೆ ತಂಗಿಯನ್ನೂ ಅವಳ ಮಗಳನ್ನೂ ನಾನೇ ಕೊಲ್ಲುತ್ತಿದ್ದೆ. ಇದು ಹೊಳೆದಾಗ ಅಲ್ಲೇ ಗಟಾರದ ಕಟ್ಟೆಯ ಮೇಲೆ ಕೂತುಬಿಟ್ಟೆ.

"ತಪ್ಪು ನಂದು ಕಣವ್ವ," ಅಂದೆ.

"ನಂದೂ ಹೌದು. ನೋಡ್ಬೇಕಿತ್ತು. ನೀನು ಬೇಜಾರು ಮಾಡ್ಕೋತೀಯ ಅಂತ ನೋಡ್ಲಿಲ್ಲ," ಅಂದು ಅನುವಿನ ಕೈಗೆ ನೀರಿನ ಬಾಟಲಿ ಕೊಟ್ಟು, ನನಗೂ ಕೊಡಿಸಿದಳು.

ಎಲ್ಲವನ್ನೂ ಮತ್ತೆ ನಾನೇ ಹೊತ್ತೆ. ಅಕ್ಕಿ, ಟೂಲ್ ಬಾಕ್ಸು, ಗ್ರೈಂಡರು ಮುಂದಕ್ಕೆ ಹೋದವು. ಎರಡು ಕ್ಯಾನು ನೀರನ್ನು ಗಿರಿಜಾ ಗಿಡಗಳಿಗೆ ಸುರಿಸಿದಳು. ಅಂಗಡಿಗೆ ಬಂದಿದ್ದವರು ಕಣ್ಣು ಹಾಯಿಸಿ, ಮುಗುಳ್ನಕ್ಕು ಹೋದರು. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಸೇರಿ, ಯಾರು ಯಾವ ಕಡೆಯವರು, ಗಂಡ ಎಲ್ಲಿ ಎಂದು ಕೇಳಿ ಮುಗಿಸಿರುತ್ತಿದ್ದರು. ಅವತ್ತು ಮಾತ್ರ ಯಾರೂ ಕೇಳದಿದ್ದದ್ದೇ ನನಗೆ ಹಿತವಾಯಿತು.

ಕೊನೆಗೆ ಫೋಟೋ ನನ್ನ ಕೈಯಲ್ಲಿ ಉಳಿಯಿತು. ಅಕ್ಕಿ ಮೂಟೆಯ ಪಕ್ಕ ಟೂಲ್ ಬಾಕ್ಸಿನ ಮೇಲೆ ಇಡಲು ಮನಸ್ಸು ಒಪ್ಪಲಿಲ್ಲ.

"ಹಿಂದೆ ಒಲೆ ಪಕ್ಕ ಇಡು," ಅಂದಳು ಗಿರಿಜಾ.

"ಅಡುಗೆಮನೇಲಾ?"

"ಮಂಡ್ಯದಲ್ಲಿ ಅವ್ವ ಎಲ್ಲಿಟ್ಟಿದಾಳೆ?"

ಅವ್ವ ಐವತ್ತು ವರ್ಷದಿಂದ ದೇವರನ್ನು ಒಲೆಯ ಮೇಲಿನ ಗೂಡಿನಲ್ಲೇ ಇಟ್ಟಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡು ಚಾಮುಂಡಿಯನ್ನು ಹಿಂದಕ್ಕೆ ಒಯ್ದೆ.

ಹಾಫ್ ಮೂನ್ ಬೇ

ಬೆಟ್ಟ ಹತ್ತಿ ಇಳಿದು ಸಮುದ್ರದ ದಡಕ್ಕೆ ಬರುವ ತನಕ ಟ್ರೇಲರು ಒಮ್ಮೆಯೂ ತಲೆಯಾಡಿಸಲಿಲ್ಲ. ಕ್ಯಾಂಪಿನಲ್ಲಿ ನಮಗೆ ಕೊಟ್ಟ ಜಾಗ ಎರಡು ಗಾಡಿಗಳ ನಡುವಿನ ಇಕ್ಕಟ್ಟು. ಹಿಂದಕ್ಕೆ ನಡೆಸಿ ಒಳಗೆ ಸೇರಿಸಬೇಕು. ಅಕ್ಕಪಕ್ಕದವರು ಮಡಿಸುವ ಕುರ್ಚಿಗಳಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಾವು ನಿಂತ ಕೂಡಲೇ ಒಬ್ಬೊಬ್ಬರೇ ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡರು. ಟ್ರೇಲರು ಹಿಂದಕ್ಕೆ ಹೋಗುವುದನ್ನು ನೋಡುವುದು ಅಲ್ಲಿಯ ಜನಕ್ಕೆ ಸಂಜೆಯ ನಾಟಕವಂತೆ. ಆದರೆ ಯಾರೂ ಎದ್ದು ಬರುವುದಿಲ್ಲ. ಕೇಳದೆ ಸಹಾಯ ಮಾಡುವುದು ಅಲ್ಲಿ ಅವಮಾನ.

ನಮ್ಮಲ್ಲಿ ಬಸ್ಸು ಹಿಂದಕ್ಕೆ ತೆಗೆಯುವುದೆಂದರೆ ಊರ ಕೆಲಸ. ಪಾನ್ ಅಂಗಡಿಯವನೂ ಓಡಿಬಂದು ಗಾಡಿಯ ಮೈ ತಟ್ಟುತ್ತ ಬರ್ಲಿ ಬರ್ಲಿ ಅನ್ನುತ್ತಾನೆ. ನನಗೆ ಕೈ ಕಡಿಯತೊಡಗಿತು.

ಗಿರಿಜಾ ಇಳಿದು ಜಾಗವನ್ನು ಎರಡು ಸುತ್ತು ನಡೆದಳು. ತಲೆಯ ಮೇಲಿನ ಕೊಂಬೆ ನೋಡಿದಳು. ಟ್ರಕ್ಕಿನಿಂದ ಎರಡು ದೊಡ್ಡ ಖಾಲಿ ಮೊಸರಿನ ಡಬ್ಬ ತಂದು ಮೂಲೆಗಳಲ್ಲಿ ಬೋರಲು ಹಾಕಿದಳು. "ಅಣ್ಣ, ಆ ಡಬ್ಬದ ಹತ್ರ ನಿಂತ್ಕೋ. ನನ್ನ ಕನ್ನಡೀಲಿ ನೀನು ಕಾಣ್ತಿರ್ಬೇಕು. ಕೂಗ್ಬೇಡ. ಸಾಕು ಅನ್ಸಿದ್ರೆ ಕೈ ಎತ್ತು, ಅಷ್ಟೆ."

ನಾನು ಕೂಗದೆ ಇರುವವನೇ? ಗಾಡಿ ಹಿಂದಕ್ಕೆ ಹೊರಟ ಕೂಡಲೇ, "ಎಡಕ್ಕೆ ಹೊಡಿ, ಎಡಕ್ಕೆ," ಅಂದೆ. ಅವಳು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದಳು. ಟ್ರೇಲರಿನ ಬಾಲ ಎಡಕ್ಕೆ ಬಂತು, ನನಗೆ ಬೇಕಾದ ಕಡೆಗೇ. ಕೊಂಡಿಯ ಗಾಡಿಯ ಬುದ್ಧಿಯೇ ಉಲ್ಟಾ ಎಂದು ಆಗ ತಿಳಿಯಿತು. ನನ್ನ ಮಾತು ಕೇಳಿದ್ದರೆ ಪಕ್ಕದವರ ಒಲೆಯ ಮೇಲೆ ಹತ್ತಿಸಿರುತ್ತಿದ್ದಳು. ಮೊದಲ ಸಲ ಸೊಟ್ಟಾಯಿತು, ಮುಂದಕ್ಕೆ ತೆಗೆದಳು. ಎರಡನೇ ಸಲವೂ ಸೊಟ್ಟ. ಮೂರನೇ ಸಲ ಎರಡು ಡಬ್ಬಗಳ ನಡುವೆ ನೆಟ್ಟಗೆ ಒಳಗೆ ಬಂದಳು. ನಾನು ಕೈ ಎತ್ತಿದೆ. ಪಕ್ಕದ ಕುರ್ಚಿಯ ಬಿಳಿಗಡ್ಡದ ಮುದುಕ ಕಾಫಿ ಲೋಟವನ್ನು ಅವಳ ಕಡೆಗೆ ಒಮ್ಮೆ ಎತ್ತಿ ಇಳಿಸಿ, ಕುರ್ಚಿಯನ್ನು ಮತ್ತೆ ಸಮುದ್ರದ ಕಡೆ ತಿರುಗಿಸಿಕೊಂಡ.

"ಎಲ್ಲಿ ಕಲಿತ್ಲೇ ನಿಮ್ಮಮ್ಮ ಇದನ್ನ?" ಎಂದು ಅನುವನ್ನು ಕೇಳಿದೆ.

"ಅಪ್ಪಾಸ್ ಆಫೀಸ್ ಪಾರ್ಕಿಂಗ್ ಲಾಟ್. ಎವ್ರಿ ಸಂಡೇ. ಮೊಸರು ಡಬ್ಬ ಇಟ್ಕೊಂಡು," ಅಂದಳು. ಮೆನ್ಲೋ ಪಾರ್ಕಿನಲ್ಲಿ ರಮೇಶನ ಕಂಪನಿ ಮುಚ್ಚಿದ ಮೇಲೆ ಆ ಪಾರ್ಕಿಂಗು ಖಾಲಿ ಬಿದ್ದಿತ್ತು. ಗಂಡ ಕೊನೆಯ ಸಲ ಕಾರು ನಿಲ್ಲಿಸಿ ಒಳಗೆ ಹೋದ ಜಾಗದಲ್ಲಿ ಆರು ತಿಂಗಳು, ಪ್ರತಿ ಭಾನುವಾರ, ಈ ಹೆಣ್ಣುಮಗಳು ಮೊಸರಿನ ಡಬ್ಬಗಳ ನಡುವೆ ಟ್ರೇಲರನ್ನು ಹಿಂದಕ್ಕೂ ಮುಂದಕ್ಕೂ ನಡೆಸಿದ್ದಾಳೆ. ಮಂಡ್ಯದಲ್ಲಿ ನಾವು ಆ ಭಾನುವಾರಗಳಲ್ಲೇ ಕೂತು, ಪಾಪ ಒಬ್ಬಳೇ ಏನು ಮಾಡುತ್ತಿದ್ದಾಳೋ ಎಂದು ಮರುಗುತ್ತಿದ್ದೆವು.

ಮೂರನೆಯ ದಿನ

ಅಲ್ಲಿಯವರ ಕ್ಯಾಂಪಿಂಗ್ ನನಗೆ ಪೂರ್ತಿ ಅರ್ಥವಾಗಲಿಲ್ಲ. ಒಳ್ಳೆಯ ಮನೆ ಬಿಟ್ಟು ಬಂದು, ಗಾಳಿಯಲ್ಲಿ ಇನ್ನೊಂದು ಮನೆ ಹೂಡುತ್ತಾರೆ. ಬಾಗಿಲ ಮುಂದೆ ಚಾಪೆ ಹಾಸುತ್ತಾರೆ, ಆ ಚಾಪೆಯ ಮರಳನ್ನು ದಿನಕ್ಕೆ ಆರು ಸಲ ಗುಡಿಸುತ್ತಾರೆ. ಸಮುದ್ರ ಎದುರಿಗಿದ್ದರೂ ನೀರಿಗೆ ಇಳಿಯುವುದಿಲ್ಲ, ಅದು ಅಷ್ಟು ತಣ್ಣಗೆ. ಮಂಜು ಬಂದರೆ ಕಂಬಳಿ ಹೊದ್ದು ಅಲ್ಲೇ ಕೂರುತ್ತಾರೆ, ಒಳಗೆ ಹೋಗುವುದು ಸೋಲು ಅನ್ನುವಂತೆ. ನಮ್ಮ ಗ್ರೈಂಡರಿನ ಸದ್ದಿಗೆ ಇಡೀ ಸಾಲು ಕತ್ತೆತ್ತಿ ನೋಡಿತು. ಗಿರಿಜಾ ಪಕ್ಕದ ಮುದುಕನಿಗೂ ಅವನ ಹೆಂಡತಿಗೂ ದೋಸೆ ಕೊಟ್ಟಳು. ಅವನು ಚಟ್ನಿಯನ್ನು ಚಮಚದಲ್ಲಿ ಹಾಗೆಯೇ ತಿಂದು ಮುಗಿಸಿ, ಆಮೇಲೆ ಬರಿ ದೋಸೆ ತಿಂದ.

ಅವನು ನನ್ನನ್ನು ಊರು ಯಾವುದು ಎಂದು ಕೇಳಿದ. ಮಂಡ್ಯ ಅಂದೆ. ಯಾವ ಫ್ರೀವೇ ಮೇಲೆ ಬರುತ್ತದೆ ಅಂದ. ಬೆಂಗಳೂರು ಮೈಸೂರು ರೋಡು ಅಂದೆ. ತಲೆಯಾಡಿಸಿದ, ಗೊತ್ತಿದ್ದವನ ಹಾಗೆ.

ಮಧ್ಯಾಹ್ನ ಗಿರಿಜಾ ಮರಳಿನ ಮೇಲೆ ಕಾಲು ಚಾಚಿ ಕೂತು ನಿದ್ದೆ ಹೋದಳು. ರಮೇಶ ಹೋದ ಮೇಲೆ ಅವಳು ಹಗಲು ಮಲಗಿದ್ದು ಇದೇ ಮೊದಲು ಎಂದು ಅನು ಪಿಸುಗುಟ್ಟಿದಳು. ಬಿಸಿಲು ಮುಖಕ್ಕೆ ಬೀಳದಂತೆ ನಾನು ಸರಿದು ಕೂತೆ. ಸೇತುವೆಯ ಮೇಲೆ ಆದದ್ದನ್ನು ಹಿಡಿದು, ನೋಡಿದೆಯಾ, ಒಂಟಿಯಾಗಿ ಇದೆಲ್ಲ ಆಗುವ ಕೆಲಸವಾ ಎಂದು ಹೇಳಲು ನನಗೆ ಮೂರು ದಿನದಲ್ಲಿ ಬೇಕಾದಷ್ಟು ಸಮಯವಿತ್ತು. ನಾಲಿಗೆಯ ತುದಿಗೆ ಒಂದೆರಡು ಸಲ ಬಂದೂ ಇತ್ತು. ಹೇಳಲು ಮುಖವಿರಲಿಲ್ಲ.

ಹೊರಡುವ ಬೆಳಿಗ್ಗೆ

ನಾಲ್ಕನೆಯ ದಿನ ಕೊಂಡಿ ಹಾಕಿ ಆದಮೇಲೆ, "ಪಟ್ಟಿ ನಾನು ಓದ್ತೀನಿ, ನೀನು ನೋಡು," ಅಂದೆ. ಗಿರಿಜಾ ಕೆಳಗೆ ನಿಂತಳು. ನಾನು ಕನ್ನಡಕ ಹಾಕಿಕೊಂಡು ಕಪಾಟು ತೆರೆದೆ. ಪಿನ್ನು, ಸರಪಳಿ, ಲೈಟು, ಟೈರು, ಗ್ಯಾಸು. ಭಾರ ಮುಂದೆ ಅನ್ನುವ ಸಾಲಿಗೆ ಬಂದಾಗ ನಾನೇ ಇಳಿದು ಹೋಗಿ ಅಕ್ಕಿ ಮೂಟೆಯನ್ನು ಕೈಯಲ್ಲಿ ಮುಟ್ಟಿ ಬಂದೆ. ಗಿರಿಜಾ ನಕ್ಕಳು.

ಕೊನೆಯ ಸಾಲು ಉಳಿದಿತ್ತು, ಬರುವಾಗ ಅವಳು ಓದದೆ ಬಿಟ್ಟದ್ದು. ಅದು ಬೇರೆ ಶಾಯಿಯಲ್ಲಿತ್ತು. ಏನಾದರೊಂದು ಮರೆತು ದಿನಾ ಅವಳಿಂದ ಬೈಸಿಕೊಳ್ಳುತ್ತಿದ್ದ ರಮೇಶ ಆಮೇಲೆ ಸೇರಿಸಿದ ಸಾಲಿರಬೇಕು. ಹೀಗಿತ್ತು: ಎಲ್ಲ ಆದಮೇಲೂ, ಹೊರಡುವ ಮುಂಚೆ ಒಂದು ಸಲ ಗಿರಿಜಾಳನ್ನು ಕೇಳು.

ನಾನು ಜೋರಾಗಿ ಓದಲಿಲ್ಲ. ಅವ್ವ ತೀರ್ಮಾನ ಮಾಡಿದ್ದಳು, ನಾನು ಒಪ್ಪಿದ್ದೆ, ನೆಂಟರೆಲ್ಲ ತಲೆಯಾಡಿಸಿದ್ದರು. ಅನುವಿಗೆ ಮಂಡ್ಯದಲ್ಲಿ ಸ್ಕೂಲನ್ನೂ ನೋಡಿಟ್ಟಿದ್ದೆವು. ಯಾರೂ ಅವಳನ್ನು ಕೇಳಿರಲಿಲ್ಲ. ಬಾ ಅಂದಿದ್ದೆವು, ಅಷ್ಟೆ.

ಕೆಳಗಿಳಿದು ಬಂದು ಅವಳ ಎದುರು ನಿಂತೆ. "ಗಿರಿಜಾ, ಊರಿಗೆ ಬಂದುಬಿಡ್ತೀಯಾ, ಇಲ್ಲೇ ಇರ್ತೀಯಾ? ನಿಂಗೇನು ಬೇಕು?"

ಅವಳು ಕಪಾಟಿನ ಕಡೆ ನೋಡಿದಳು. ನಾನು ಯಾವ ಸಾಲು ಓದಿದೆ ಎಂದು ಅವಳಿಗೆ ತಿಳಿಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ರಜಕ್ಕೆ ಬರ್ತೀನಿ ಅಣ್ಣ. ಅವ್ವನ ಹತ್ರ ಒಂದು ತಿಂಗಳು ಇದ್ದು ಬರ್ತೀನಿ. ಇರೋದು ಮಾತ್ರ ಇಲ್ಲೇ," ಅಂದಳು.

ನನಗೆ ಬೇಸರವಾಯಿತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಮಾನ ಇಳಿಯುವುದನ್ನು ಎಷ್ಟೋ ಸಲ ಮನಸ್ಸಿನಲ್ಲಿ ನೋಡಿದ್ದೆ. ಆದರೂ, ಆಗಲಿ ಅಂದೆ. ಟ್ರೇಲರಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ ಟ್ರಕ್ಕು ಹತ್ತಿದೆ. ಸೇತುವೆ ದಾಟುವಾಗ ನನ್ನ ಬಲಗಾಲು ಸುಮ್ಮನೆ ಇತ್ತು.

ಮತ್ತೆ ಯೂನಿಯನ್ ಸಿಟಿ

ಸಂಜೆ ಅಡುಗೆಮನೆಯಿಂದ ಮಂಡ್ಯಕ್ಕೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಅವ್ವನೇ ಎತ್ತಿದಳು.

"ಯಾವಾಗ ಬತ್ತಿದೀರಿ?"

"ನಾನೊಬ್ನೇ ಬರ್ತೀನಿ ಕಣವ್ವ. ಅವಳು ಇಲ್ಲೇ ಇರ್ತಾಳಂತೆ."

"ಕರ್ಕೊಂಡ್ ಬಾ ಅಂತ ಕಳ್ಸಿದ್ದಲ್ವಾ ನಿನ್ನ?"

"ಕೇಳ್ದೆ ಕಣವ್ವ. ನಾವ್ಯಾರೂ ಅವಳನ್ನ ಕೇಳೇ ಇರ್ಲಿಲ್ಲ."

ಆ ಕಡೆ ಯಾವುದೋ ಮೊಮ್ಮಗು ಸ್ಕೂಲಿಗೆ ಹೊರಡುವ ಗಲಾಟೆ ಕೇಳುತ್ತಿತ್ತು. ಅದರ ನಡುವೆ ಅವ್ವ ಕೇಳಿದಳು, "ಅದೇನೋ ಮನೇನೇ ಕಟ್ಕಂಡು ಗಾಡಿ ಓಡಿಸ್ತಾಳೆ ಅಂತ ಹೋದ್ಸಲ ಫೋನಲ್ಲಿ ಅಂದಿದ್ಯಲ್ಲ. ನೆಟ್ಗೆ ಓಡಿಸ್ತಾಳಾ?"

ಗಿರಿಜಾ ಸಿಂಕಿನ ಹತ್ತಿರ ಮೊಸರಿನ ಡಬ್ಬ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದಳು.

"ನನಗಿಂತ ಚೆನ್ನಾಗಿ ಓಡಿಸ್ತಾಳೆ ಕಣವ್ವ," ಅಂದೆ.